ಕೂರಿಗೆಗೆ ಪೇಟೆಂಟ್ ಯಾರು ಕೊಟ್ಟಾರು?

1856ರ ಮಾರ್ಚ್ 3ರಂದು ಕಲ್ಕತ್ತೆಯ ಸಿವಿಲ್ ಇಂಜಿನಿಯರ್ ಜಾರ್ಜ್ ಆಲ್ಫ್ರೆಡ್ ಡಿಪೆನಿಂಗ್ ಸರ್ಕಾರಕ್ಕೆ ಒಂದು ಅರ್ಜಿ ಹಾಕಿಕೊಂಡರು. ತಾವು ಹೊಸದೊಂದು ಯಂತ್ರ ಕಂಡುಹಿಡಿದಿರುವುದಾಗಿಯೂ ಅದರ ಹಕ್ಕು ತಮಗೇ ಸಲ್ಲಬೇಕೆಂದೂ ಅರಿಕೆ. ಯಂತ್ರ ಯಾವುದು? ರೈಲಿನದಲ್ಲ, ಫಿರಂಗಿಯದಲ್ಲ. ಪಂಖಾ ಎಳೆಯುವ ಯಂತ್ರ. ಸಾಹೇಬರ ಬಂಗಲೆಯಲ್ಲಿ ಸೂರಿಗೆ ತೂಗುಹಾಕಿದ ಬಟ್ಟೆಯ ಪಂಖಾವನ್ನು ಹಗಲೂ ರಾತ್ರಿ ಹಗ್ಗದಿಂದ ಎಳೆಯುತ್ತ ಜಗಲಿಯಲ್ಲಿ ಕೂತಿರುತ್ತಿದ್ದ ಆಳಿನ ಕೆಲಸವನ್ನು ಸುಲಭ ಮಾಡುವ ಸಾಧನ ಅದು. ಇಂಡಿಯಾದ ಮೊತ್ತಮೊದಲ ಪೇಟೆಂಟ್ ಅರ್ಜಿ ಹೀಗೆ ಮನೆಯೊಳಗಿನ ಸೆಕೆಯಿಂದ ಹುಟ್ಟಿತು.

ಪೇಟೆಂಟ್ ಎನ್ನುವುದು ಮೂಲತಃ ಒಂದು ಕರಾರು. ಕಂಡುಹಿಡಿದವನು ತನ್ನ ಉಪಾಯವನ್ನು ಮುಚ್ಚುಮರೆಯಿಲ್ಲದೆ, ಇನ್ನೊಬ್ಬ ಓದಿ ಮಾಡಬಹುದಾದಷ್ಟು ಬಿಡಿಸಿ ಬರೆದುಕೊಡಬೇಕು. ಅದಕ್ಕೆ ಪ್ರತಿಯಾಗಿ ಸರ್ಕಾರ ಕೆಲವು ವರ್ಷ ಅದನ್ನು ಅವನೊಬ್ಬನದೇ ಎಂದು ಒಪ್ಪಿ ಕಾಯುತ್ತದೆ. 1911ರ ಇಂಡಿಯನ್ ಪೇಟೆಂಟ್ ಮತ್ತು ಡಿಸೈನ್ ಕಾಯ್ದೆಯಲ್ಲಿ ಈ ಅವಧಿ 14 ವರ್ಷ. ಅವಧಿ ಮುಗಿದ ಮಾರನೆಯ ದಿನ ಆ ಉಪಾಯ ಊರವರದು. ಈ ಕಾನೂನು ನಡೆಯುತ್ತಿದ್ದುದು ಬ್ರಿಟಿಷ್ ಇಂಡಿಯಾದಲ್ಲಿ. ಆಗ ಕ್ಲೋಸ್‌ಪೇಟೆ ಎನ್ನಿಸಿಕೊಳ್ಳುತ್ತಿದ್ದ ರಾಮನಗರ, ಪಕ್ಕದ ಚನ್ನಪಟ್ಟಣ, ಕನಕಪುರ, ಮಾಗಡಿ ಎಲ್ಲವೂ ಮೈಸೂರು ಸಂಸ್ಥಾನದ ಸೀಮೆ. ಕಲ್ಕತ್ತೆಯ ಮೊಹರಿಗೆ ಇಲ್ಲಿ ಬೆಲೆಯಿರಲಿಲ್ಲ.

ಬೆಲೆ ಇದ್ದಿದ್ದರೂ ಇಲ್ಲಿನ ಒಕ್ಕಲಿಗ ಏನನ್ನು ತಾನೇ ಬರೆಸುತ್ತಿದ್ದ?

ಕೂರಿಗೆಯನ್ನೇ ತೆಗೆದುಕೊಳ್ಳಿ. ಒಂದು ಮರದ ದಿಂಡು, ಅದಕ್ಕೆ ಸಾಲಾಗಿ ನೆಟ್ಟ ತಾಳುಗಳು, ಪ್ರತಿ ತಾಳಿಗೂ ಒಂದೊಂದು ಬಿದಿರ ಕೊಳವೆ, ಎಲ್ಲ ಕೊಳವೆಗಳೂ ಬಂದು ಸೇರುವ ಮೇಲಿನ ಬಟ್ಟಲು. ಎತ್ತು ಮುಂದೆ ನಡೆದಂತೆ ಬಿತ್ತುವವಳ ಮುಷ್ಟಿಯಿಂದ ಜಾರಿದ ರಾಗಿ ಅಷ್ಟೂ ಸಾಲಿಗೆ ಸಮನಾಗಿ ಇಳಿಯುತ್ತದೆ. ನಡುನಡುವೆ ಅವರೆಗೋ ತೊಗರಿಗೋ ಅಕ್ಕಡಿ ಸಾಲು. ಇಂಗ್ಲೆಂಡಿನ ಶಾಲೆಯ ಪುಸ್ತಕಗಳಲ್ಲಿ ಬೀಜ ಬಿತ್ತುವ ಯಂತ್ರದ ಜನಕನೆಂದರೆ ಜೆತ್ರೋ ಟಲ್, ವರ್ಷ 1701. ಆದರೆ 1790ರ ದಶಕದಲ್ಲಿ ಕ್ಯಾಪ್ಟನ್ ಥಾಮಸ್ ಹಾಲ್ಕಾಟ್ ಎಂಬ ಕಂಪನಿ ಅಧಿಕಾರಿ ದಕ್ಷಿಣ ಇಂಡಿಯಾದ ಹೊಲಗಳಲ್ಲಿ ಕೂರಿಗೆಯನ್ನು ಕಂಡು ಬೆರಗಾದರು. ಅಲ್ಲಿಯವರೆಗೆ ಅವರು ಸಾಲು ಬಿತ್ತನೆ ಯೂರೋಪಿನ ಹೊಸ ಶೋಧ ಎಂದೇ ನಂಬಿದ್ದವರು. ಇಲ್ಲಿ ನೋಡಿದರೆ ಅಜ್ಜಂದಿರ ಅಜ್ಜಂದಿರಿಗೂ ಅದು ಹಳೆಯದು. ಲಂಡನ್ನಿನ ಕೃಷಿ ಮಂಡಳಿಗೆ ಅವರು ಕೂರಿಗೆಯನ್ನೇ ಕಳಿಸಿಕೊಟ್ಟರು. ಆಮೇಲೆ ಹತ್ತೊಂಬತ್ತನೇ ಶತಮಾನದ ಉದ್ದಕ್ಕೂ ಪಶ್ಚಿಮದಲ್ಲಿ ಬಿತ್ತನೆ ಯಂತ್ರಗಳಿಗೆ ಪೇಟೆಂಟಿನ ಮೇಲೆ ಪೇಟೆಂಟ್ ಆಯಿತು. ಕೂರಿಗೆ ಮಾತ್ರ ಊರ ಬಡಗಿಯ ಕೊಟ್ಟಿಗೆಯಲ್ಲಿ, ಸುಗ್ಗಿಗೆ ಅಳೆದುಕೊಡುವ ರಾಗಿಯ ಲೆಕ್ಕದಲ್ಲೇ ಉಳಿಯಿತು. ಹೊಸದಲ್ಲದ್ದಕ್ಕೆ, ಒಬ್ಬನದಲ್ಲದ್ದಕ್ಕೆ ಪೇಟೆಂಟ್ ಇಲ್ಲ. ಅದು ನ್ಯಾಯವೇ. ಆದರೆ ಹಳತು ಯಾವುದು, ಹೊಸತು ಯಾವುದು ಎಂದು ತೀರ್ಮಾನಿಸುವವರು ಯಾವ ಊರಿನಲ್ಲಿ ಕೂತಿದ್ದರು ಎನ್ನುವುದೂ ಮುಖ್ಯ.

ಹಾಗೆಂದು ಎಲ್ಲವನ್ನೂ ಎಲ್ಲರಿಗೂ ಹಂಚುತ್ತಿದ್ದ ಕಾಲ ಅದು ಎಂದುಕೊಂಡರೆ ತಪ್ಪಾದೀತು. 1800ರಲ್ಲಿ ಕಂಪನಿಯ ಪರವಾಗಿ ಮೈಸೂರು ಸೀಮೆಯ ಸರ್ವೆಗೆ ಬಂದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಸಾಗಿದಾಗ ಚನ್ನಪಟ್ಟಣದಲ್ಲಿ ಉಕ್ಕಿನ ತಂತಿ ಎಳೆಯುವುದನ್ನು ಕಂಡು ವಿವರವಾಗಿ ಬರೆದುಕೊಂಡರು. ಸಂಗೀತ ವಾದ್ಯಗಳಿಗೆ ಬಿಗಿಯುವ ಸಣ್ಣ ತಂತಿ ಅದು. ದೂರದ ಸೀಮೆಗಳಿಗೂ ಹೋಗುತ್ತಿತ್ತು. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್‌ನಲ್ಲಿಯೂ ಚನ್ನಪಟ್ಟಣದ ಹೆಸರಿನ ಜೊತೆಗೆ ಅರಗಿನ ಆಟಿಕೆ, ಗಾಜಿನ ಬಳೆ, ಉಕ್ಕಿನ ತಂತಿ ಮೂರೂ ಬರುತ್ತವೆ. ಇವತ್ತು ಆ ತಂತಿಯ ಕಸುಬು ಊರಿನಲ್ಲಿಲ್ಲ. ಉಕ್ಕನ್ನು ಎಷ್ಟು ಕಾಯಿಸಬೇಕು, ಎಷ್ಟು ಬಡಿಯಬೇಕು, ಯಾವ ಹದದಲ್ಲಿ ತೂತಿನಿಂದ ಎಳೆಯಬೇಕು ಎನ್ನುವುದು ಮಾಡುವವರ ಕೈಯಲ್ಲಿತ್ತು, ಕೈಯೊಂದಿಗೇ ಹೋಯಿತು. ಇನ್ನೊಬ್ಬ ಓದಿ ಮಾಡಲಿ ಎಂದು ಅವರೇ ಬರೆದಿಟ್ಟ ಕಾಗದ ಒಂದೂ ಇಲ್ಲ. ಪೇಟೆಂಟ್ ಪದ್ಧತಿಯನ್ನು ಬೈಯುವವರು ಈ ತಂತಿಯನ್ನು ಒಮ್ಮೆ ನೆನೆಯಬೇಕು. ಅದರಲ್ಲಿ ದುಡ್ಡಿನ ಆಸೆ ಎಷ್ಟೇ ಇದ್ದರೂ, ಬರೆದಿಡಲೇಬೇಕು ಎಂಬ ಕಟ್ಟುಪಾಡೂ ಇದೆಯಲ್ಲ!

ಆಟಿಕೆ ಉಳಿಯಿತು. ಏಕೆ ಉಳಿಯಿತು ಎಂಬುದಕ್ಕೆ ಊರಿನವರು ಬವಾಸ್ ಮಿಯಾನ್ ಅವರ ಹೆಸರು ಹೇಳುತ್ತಾರೆ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಜಪಾನಿನ ಬೊಂಬೆ ಮಾಡುವ ರೀತಿಯನ್ನು ಇಲ್ಲಿಗೆ ತಂದು ಕಸುಬುದಾರರಿಗೆ ಕಲಿಸಿದವರು ಎಂದು ಅವರನ್ನು ಚನ್ನಪಟ್ಟಣದ ಆಟಿಕೆಯ ಪಿತಾಮಹ ಎನ್ನುತ್ತಾರೆ. ಅರಗಿನ ಕೆಲಸವನ್ನು ಹತ್ತಿರದಿಂದ ನೋಡದವರಿಗೆ ಅದರ ಚಳಕ ತಿಳಿಯುವುದಿಲ್ಲ. ಹಾಲೆ ಮರದ ತುಂಡನ್ನು ಚೆನ್ನಾಗಿ ಒಣಗಿಸಿ ಲೇತಿಗೆ ಕಟ್ಟಿ ತಿರುಗಿಸುತ್ತಾರೆ. ಹಾಲೆ ಮೆದು ಮರ, ಬಿಳುಪು, ಎಳೆ ನುಣುಪು. ಉಳಿ ಹಿಡಿದು ಬೇಕಾದ ಆಕಾರಕ್ಕೆ ಕಡೆದ ಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ಬೇರೆ ಬೆಂಕಿಯೇ ಬೇಡ. ಉಜ್ಜಿದ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ತಾಳೆಗರಿ ಹಿಡಿದರೆ ಬಣ್ಣ ಸಮನಾಗಿ ಹರಡಿ ಕನ್ನಡಿಯಂತೆ ಹೊಳೆಯುತ್ತದೆ. ಒತ್ತಡ ಕಡಿಮೆಯಾದರೆ ಅರಗು ಗಂಟು ಕಟ್ಟುತ್ತದೆ, ಹೆಚ್ಚಾದರೆ ಸುಟ್ಟು ಮಾಸುತ್ತದೆ. ಇದನ್ನು ಕಾಗದದ ಮೇಲೆ ಬರೆಯಬಹುದೇ? ಬರೆಯಬಹುದು. ಓದಿದವನು ಮಾಡಬಲ್ಲನೇ? ಅದು ಬೇರೆ ಮಾತು.

ಅದೇ ಹೊತ್ತಿಗೆ ಲಿವರ್‌ಪೂಲಿನಲ್ಲಿ ಫ್ರಾಂಕ್ ಹಾರ್ನ್‌ಬಿ ಎಂಬ ಗುಮಾಸ್ತರು ತಮ್ಮ ಮಕ್ಕಳಿಗೆಂದು ತೂತು ಕೊರೆದ ಲೋಹದ ಪಟ್ಟಿ, ನಟ್ಟು, ಬೋಲ್ಟುಗಳ ಒಂದು ಆಟಿಕೆ ಮಾಡಿದರು. ಧಣಿಯಿಂದ 5 ಪೌಂಡು ಸಾಲ ಪಡೆದು 1901ರಲ್ಲಿ ಅದಕ್ಕೆ ಪೇಟೆಂಟ್ ಮಾಡಿಸಿದರು. ಮುಂದೆ ಜಗತ್ತೆಲ್ಲ ಮೆಕ್ಯಾನೋ ಎಂದು ಕೊಂಡದ್ದು ಅದನ್ನೇ, ಗುಮಾಸ್ತರು ಲಕ್ಷಾಧೀಶರಾದರು. ಚನ್ನಪಟ್ಟಣದಲ್ಲಿ ಕಲಿಸಿದವರು ಲಕ್ಷಾಧೀಶರಾಗಲಿಲ್ಲ. ಆದರೆ ಬೀದಿಬೀದಿಯಲ್ಲಿ ಲೇತು ತಿರುಗಿದವು. ಯಾವುದು ಮೇಲು ಎಂದು ಹೇಳಲು ಹೊರಟರೆ ಅಂಗಡಿಯ ಮುಂದೆ ನಿಂತ ಕಸುಬುದಾರನನ್ನೇ ಕೇಳಬೇಕಾಗುತ್ತದೆ: ಸಾಲು ಸಾಲಾಗಿ ಬಂದ ಅಗ್ಗದ ಪ್ಲಾಸ್ಟಿಕ್ ಆಟಿಕೆಯೆದುರು, ತನ್ನದನ್ನೇ ನಕಲು ಮಾಡಿ ಮಾರುವವರೆದುರು ಅವನಿಗೆ ಹಿಡಿಯಲು ಯಾವ ಕಾಗದವೂ ಇರಲಿಲ್ಲ.

ರೇಷ್ಮೆಯ ಕಥೆಯಲ್ಲೂ ಜಪಾನ್ ಬರುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜಮ್ಷೆಡ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿ, ಜಪಾನಿನಿಂದ ಬಲ್ಲವರನ್ನು ಕರೆಸಿ ಹುಳು ಸಾಕುವುದನ್ನೂ ನೂಲು ಬಿಚ್ಚುವುದನ್ನೂ ಕಲಿಸಿದರು. 1910ರಲ್ಲಿ ಅದು ಸಾಲ್ವೇಶನ್ ಆರ್ಮಿಯ ಕೈಗೆ ಹೋಯಿತು. ಸಂಸ್ಥಾನ ತನ್ನದೇ ರೇಷ್ಮೆ ಇಲಾಖೆಯನ್ನು ಕಟ್ಟಿತು. ‘ಕೆಲವು ನೆನಪುಗಳು’ ಬರೆದ ನವರತ್ನ ರಾಮರಾಯರು ಅದರ ಮುಖ್ಯಸ್ಥರಾಗಿದ್ದವರು. ಹೊರಗಿನ ತಜ್ಞರು ಬಂದರು, ಮಿಶ್ರತಳಿಯ ಮೊಟ್ಟೆ ಬಂತು, ನೂಲು ಬಿಚ್ಚುವ ಬೇಸಿನ್ ಬಂತು. ಆದರೆ ರಾಮನಗರದ ಓಣಿಗಳಲ್ಲಿ ಬಹುಕಾಲ ದುಡಿದದ್ದು ಚರಕ: ಸೌದೆ ಒಲೆಯ ಮೇಲೆ ಕುದಿಯುವ ನೀರು, ಅದರಲ್ಲಿ ಕುಣಿಯುವ ಗೂಡು, ಎಳೆ ಹಿಡಿಯುವವರೊಬ್ಬರು, ಚಕ್ರ ತಿರುಗಿಸುವವರೊಬ್ಬರು. ಕೆಟ್ಟರೆ ಪಕ್ಕದ ಮನೆಯ ಬಡಗಿ ಸರಿಮಾಡುತ್ತಿದ್ದ. ಹೊಸ ಯಂತ್ರಗಳು ಎಳೆಯನ್ನು ನಯ ಮಾಡಿದವು, ನಿಜ. ಬಡ ರೀಲರ್‌ಗೆ ಬೇಕಾಗಿದ್ದದ್ದು ನಯಕ್ಕಿಂತ ಮೊದಲು, ಇವತ್ತು ಕೊಂಡ ಗೂಡನ್ನು ಇವತ್ತೇ ನೂಲು ಮಾಡಿ ನಾಳೆಗೆ ದುಡ್ಡು ಕಾಣುವುದು.

ಇನ್ನು ಚಂದ್ರಿಕೆ. ಹಣ್ಣಾದ ಹುಳು ಗೂಡು ಕಟ್ಟಲು ಬಿದಿರ ದಬ್ಬೆಯನ್ನು ಸುರುಳಿ ಸುತ್ತಿ ಚಾಪೆಯ ಮೇಲೆ ನಿಲ್ಲಿಸಿದ ದೊಡ್ಡ ತಟ್ಟೆ. ಎರಡು ಸುತ್ತಿನ ನಡುವೆ ಹುಳುವಿಗೆ ಬೇಕಾದಷ್ಟೇ ಜಾಗ. ಗಾಳಿ ಆಡುತ್ತದೆ, ಮೂತ್ರ ಇಂಗುತ್ತದೆ, ಅಂಗಳದಲ್ಲಿ ಓರೆಯಾಗಿ ನಿಲ್ಲಿಸಿದರೆ ಜಾಗವೂ ಉಳಿಯುತ್ತದೆ. ಇದರಲ್ಲಿ ಒಂದಂಗುಲ ಬದಲಾಯಿಸಿದರೂ ಪಶ್ಚಿಮದಲ್ಲಿ ಒಂದು ಪೇಟೆಂಟಿಗೆ ಸಾಕಾದ ಸರಕು. ಮಾಡುತ್ತಿದ್ದ ಮೇದರು ಅದನ್ನು ಸಂತೆಯಲ್ಲಿ ಮಾರಿದರು.

ಪೇಟೆಂಟ್ ಆದ ವಸ್ತುಗಳು ಈ ಸೀಮೆಗೆ ಬರಲೇ ಇಲ್ಲವೆಂದಲ್ಲ. ಅವಧಿ ಮುಗಿದು, ಹಕ್ಕಿನ ಹಂಗು ಕಳಚಿಕೊಂಡು ಬಂದವು. ಹಾರುಲಾಳಿಯನ್ನು ನೋಡಿ. ಇಂಗ್ಲೆಂಡಿನ ಜಾನ್ ಕೇ 1733ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ನೇಯಿಸುವ ಧಣಿಗಳು ಲಾಳಿಯನ್ನು ಬಳಸಿದರು, ರಾಯಧನ ಮಾತ್ರ ಕೊಡಲಿಲ್ಲ. ಕೇ ದಾವೆ ಹೂಡಿದರೆ ಒಟ್ಟುಗೂಡಿ ಚಂದಾ ಎತ್ತಿ ವ್ಯಾಜ್ಯದ ಖರ್ಚು ನಿಭಾಯಿಸಿ ಅವರನ್ನು ಸತಾಯಿಸಿದರು. ಕೆಲಸ ಹೋದೀತೆಂಬ ಭಯಕ್ಕೆ ಜನ ಅವರ ಮನೆಗೆ ನುಗ್ಗಿದರು. ಕೇ ಫ್ರಾನ್ಸಿಗೆ ಹೋಗಿ ಅಲ್ಲೇ ತೀರಿಕೊಂಡರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅದೇ ಲಾಳಿಯನ್ನು ದಕ್ಷಿಣದ ಕೈಮಗ್ಗಗಳಿಗೆ ಹಿಡಿಸಲು ದುಡಿದವರಲ್ಲಿ ಆಲ್ಫ್ರೆಡ್ ಚಾಟರ್ಟನ್ ಪ್ರಮುಖರು. ಮದ್ರಾಸಿನಲ್ಲಿ ಅಲ್ಯುಮಿನಿಯಂ ಪಾತ್ರೆಯ ತಯಾರಿಕೆ ಶುರುಮಾಡಿದವರೂ ಅವರೇ. 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾಗಿ ಬಂದರು. ಕೈಯಿಂದ ಎಸೆಯುವ ಬದಲು ಹಗ್ಗ ಜಗ್ಗಿದರೆ ಲಾಳಿ ತಾನೇ ಓಡುತ್ತದೆ; ಇದನ್ನು ಮಗ್ಗದ ಮುಂದೆ ಕೂರಿಸಿ ತೋರಿಸಬೇಕಾಯಿತೇ ಹೊರತು ಯಾರಿಗೂ ಒಂದು ಕಾಸು ಕೊಡಬೇಕಾಗಿರಲಿಲ್ಲ.

ಮನೆ ಕಟ್ಟುವುದರಲ್ಲೂ ಹೀಗೆಯೇ. ಮಂಗಳೂರು ಹಂಚು ಎಂದು ನಾವೆಲ್ಲ ಕರೆಯುವ, ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಹಂಚಿನ ಮೂಲ ಫ್ರಾನ್ಸಿನ ಅಲ್ಸಾಸ್ ಸೀಮೆಯ ಜಿಲಾರ್ಡೋನಿ ಸೋದರರು 1841ರಲ್ಲಿ ಪಡೆದ ಪೇಟೆಂಟಿನಲ್ಲಿದೆ. ಬಾಸೆಲ್ ಮಿಷನ್ನಿನ ಗೆಯಾರ್ಗ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ನೇತ್ರಾವತಿಯ ಜೇಡಿಮಣ್ಣು, ಕಾಡಿನ ಸೌದೆ, ಕಡಲ ದಾರಿ ಮೂರೂ ಕೈಗೆ ಸಿಕ್ಕವು. ಹಳೆಯ ನಾಡಹೆಂಚಿನ ಮಾಡನ್ನು ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಕೈಯಾಡಿಸಬೇಕಿತ್ತು. ಕೋತಿ ಹಾರಿದರೆ ಮತ್ತೊಮ್ಮೆ. ಹೊಸ ಹಂಚು ಜಾರುವುದಿಲ್ಲ, ತೂಕ ಕಡಿಮೆ, ಮರ ಕಡಿಮೆ. ಘಟ್ಟ ಹತ್ತಿ ಬಯಲುಸೀಮೆಯ ಶಾಲೆ, ಚಾವಡಿ, ರೇಷ್ಮೆ ಮನೆಗಳ ಮೇಲೆಲ್ಲ ಅದು ಕೂತಿತು. ಇತ್ತ ಹೊಲದ ಬೇಲಿಯಲ್ಲೂ ಇಂಥದೇ ಒಂದು ಬೆಸುಗೆ. ಅಮೆರಿಕದ ರೈತ ಜೋಸೆಫ್ ಗ್ಲಿಡನ್ 1874ರಲ್ಲಿ ಪೇಟೆಂಟ್ ಪಡೆದ ಮುಳ್ಳುತಂತಿ ರಾಮನಗರದ ಸೀಮೆಗೆ ಬಂದಾಗ ಅದನ್ನು ಮರದ ಗೂಟಕ್ಕಲ್ಲ, ಇಲ್ಲಿನ ಬಂಡೆಯಿಂದ ಸೀಳಿದ ಕಲ್ಲುಕೂಚಕ್ಕೆ ಬಿಗಿದರು. ಗೆದ್ದಲಿಗೆ ಸಿಗದ ಬೇಲಿ. ತಂತಿಯ ಹಿಂದೆ ಗ್ಲಿಡನ್ ಹೆಸರಿದೆ. ಕೂಚದ ಹಿಂದೆ ಯಾರ ಹೆಸರೂ ಇಲ್ಲ.

ಕನ್ನಡ ನಾಡಿನಲ್ಲೇ ಹುಟ್ಟಿದ ಕಾರ್ಖಾನೆಯ ನೇಗಿಲಿನ ಕಥೆ ಬೆಳಗಾವಿಯದು. ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು; ಮೇವು ಕತ್ತರಿಸುವ ಯಂತ್ರ ಮಾಡಿದರು; 1903ರಲ್ಲಿ ಕಬ್ಬಿಣದ ನೇಗಿಲು ಮಾಡಿದರು. ಕೊಳ್ಳುವವರಿಲ್ಲ! ಕಬ್ಬಿಣ ತಾಕಿದರೆ ಮಣ್ಣಿಗೆ ವಿಷವೇರುತ್ತದೆ ಎಂದು ರೈತರ ನಂಬಿಕೆ. ಮೊದಲ ನೇಗಿಲುಗಳು ಬಿಕರಿಯಾಗಲು ಎರಡು ವರ್ಷ ಹಿಡಿಯಿತು. ಅವರ ಮುಂದಿದ್ದ ತೊಡಕು ನಕಲು ಮಾಡುವವರದಲ್ಲ, ನಂಬದವರದು. ಅದಕ್ಕೆ ಯಾವ ಪೇಟೆಂಟೂ ಔಷಧವಲ್ಲ. ಉತ್ತು ತೋರಿಸುವುದೊಂದೇ ದಾರಿ. ಹೆಬ್ಬಾಳದ ಫಾರಮ್ಮಿನಿಂದ ಲೆಸ್ಲಿ ಕೋಲ್ಮನ್ ಅವರ ಕಾಲದ ಮೈಸೂರು ಕೃಷಿ ಇಲಾಖೆ ಹಿಡಿದದ್ದೂ ಆ ದಾರಿಯನ್ನೇ. ಕಿರ್ಲೋಸ್ಕರರು 1910ರಲ್ಲಿ ಬೆಳಗಾವಿಯ ಜಾಗ ಬಿಡಬೇಕಾಗಿ ಬಂದು ಔಂಧ್ ಸಂಸ್ಥಾನಕ್ಕೆ ಹೋದರು. ಅಲ್ಲಿ ಅವರು ನೆಲೆಯೂರಿದ ಊರಿಗೆ ಈಗ ಅವರದೇ ಹೆಸರು.

ಹಾಗಾದರೆ ನಮ್ಮವರಲ್ಲಿ ಪೇಟೆಂಟ್ ಮಾಡಿಸಿದವರೇ ಇಲ್ಲವೇ? ಇದ್ದಾರೆ. ಬೊಂಬಾಯಿಯ ಶಂಕರ ಆಬಾಜಿ ಭಿಸೆ ಲಂಡನ್ನಿಗೆ ಹೋಗಿ ಸುಮಾರು 40 ಪೇಟೆಂಟ್ ಪಡೆದರು. ಮೈಸೂರು ಸೀಮೆಯವರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಎಂ. ವಿಶ್ವೇಶ್ವರಯ್ಯನವರದು. ಪುಣೆಯ ಬಳಿ ಖಡಕ್‌ವಾಸ್ಲಾದ ಲೇಕ್ ಫೈಫ್ ಕೆರೆ ಮಳೆಗಾಲದಲ್ಲಿ ಕೋಡಿ ಬಿದ್ದು ನೀರು ಪೋಲಾಗುತ್ತಿತ್ತು. ಬೇಸಗೆಗೆ ನೀರು ಸಾಲದು. ಕಟ್ಟೆ ಎತ್ತರಿಸಿದರೆ ಖರ್ಚು, ಅಪಾಯ. ಅವರು ಕೋಡಿಯ ಮೇಲೆ ಗೇಟುಗಳನ್ನು ಕೂರಿಸಿದರು. ನೀರು ನಿಗದಿಯ ಮಟ್ಟ ಮೀರಿದಾಗ ತೂಕ ಪ್ರತಿತೂಕಗಳ ಲೆಕ್ಕ ಬದಲಾಗಿ ಗೇಟು ತಾನೇ ತೆರೆಯುತ್ತದೆ. ಪ್ರವಾಹ ಇಳಿದಾಗ ತಾನೇ ಮುಚ್ಚುತ್ತದೆ. ನಡುರಾತ್ರಿ ಮಳೆಯಲ್ಲಿ ಲಾಟೀನು ಹಿಡಿದು ಓಡುವ ಕಾವಲುಗಾರ ಬೇಡ. 1903ರಲ್ಲಿ ಅಲ್ಲಿ ಹಾಕಿದ ಈ ಗೇಟುಗಳಿಂದ ಕೆರೆಯ ಮಟ್ಟ ಸುಮಾರು 8 ಅಡಿ ಏರಿತು. ಅದಕ್ಕೆ ಪೇಟೆಂಟ್ ಆಯಿತು. ಗ್ವಾಲಿಯರಿನ ತಿಗ್ರಾ ಅಣೆಕಟ್ಟಿನಲ್ಲಿ, ಮುಂದೆ ಕನ್ನಂಬಾಡಿಯಲ್ಲೂ ಅದೇ ಬಗೆಯ ಗೇಟು ಬಂದವು. ಆದರೆ ಸರ್ಕಾರಿ ನೌಕರಿಯಲ್ಲಿದ್ದಾಗ ಸರ್ಕಾರದ ಕೆಲಸಕ್ಕಾಗಿ ಮಾಡಿದ್ದು ಇದು ಎಂದು ವಿಶ್ವೇಶ್ವರಯ್ಯನವರು ರಾಯಧನ ಬೇಡವೆಂದರು. ಇದನ್ನು ಬರೀ ತ್ಯಾಗವೆಂದು ಹೊಗಳಿ ಮುಗಿಸುವುದು ಸುಲಭ. ಆ ಕಾಗದವನ್ನು ಅವರು ಬೇರೆ ಬಗೆಯಲ್ಲಿ ಬಳಸಿದರು ಎನ್ನುವುದೇ ಸರಿ: ಉಪಾಯ ತಮ್ಮದೆಂದು ದಾಖಲಾಯಿತು, ವಿವರ ಅಚ್ಚಾಯಿತು, ಬಳಕೆಗೆ ಅಡ್ಡಿಯಾಗಲಿಲ್ಲ.

ಮಾಗಡಿಯ ಗಡಿ ದಾಟಿ ಕುಣಿಗಲ್ ತಾಲ್ಲೂಕಿಗೆ ಹೋದರೆ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯ. ಅಲ್ಲಿ ಗೇಟೂ ಇಲ್ಲದ ಇನ್ನೊಂದು ಉಪಾಯವಿದೆ, ಮೈಸೂರಿನ ಇಂಜಿನಿಯರ್ ಗಣೇಶ್ ಅಯ್ಯರ್ ಅವರ ಸೈಫನ್. ಬುರುಜಿನಂಥ ಗುಮ್ಮಟದೊಳಗೆ ಆಲಿಕೆಯಂಥ ಬಾಯಿ. ಒಳಗೆ ತಿರುಪಾದ ರೆಕ್ಕೆಗಳು. ನೀರು ಅಂಚು ಮೀರಿ ಇಳಿಯುವಾಗ ಸುಳಿ ಸುತ್ತಿ ಒಳಗಿನ ಗಾಳಿಯನ್ನು ಎಳೆದೊಯ್ಯುತ್ತದೆ, ಕೂಡಲೇ ಸೈಫನ್ ಪೂರ್ತಿ ತುಂಬಿ ಭೋರ್ಗರೆಯುತ್ತದೆ. ತಿರುಗುವ ಭಾಗ ಒಂದೂ ಇಲ್ಲ, ಸವೆಯುವುದಕ್ಕೆ ಏನೂ ಇಲ್ಲ. ಶರಾವತಿಯ ಹಿರೇಭಾಸ್ಕರ ಅಣೆಕಟ್ಟಿನಲ್ಲೂ ಇವನ್ನೇ ಕಟ್ಟಿದರು. ಲಿಂಗನಮಕ್ಕಿಯ ಹಿನ್ನೀರು ಇಳಿದ ಬೇಸಗೆಗಳಲ್ಲಿ ಅವು ಮೇಲೆದ್ದು ಕಾಣುತ್ತವೆ.

ಚನ್ನಪಟ್ಟಣಕ್ಕೆ ಕಾಗದ ಸಿಕ್ಕಿದ್ದು ಇಪ್ಪತ್ತೊಂದನೇ ಶತಮಾನದಲ್ಲಿ. ಅದು ಪೇಟೆಂಟ್ ಅಲ್ಲ, ಭೌಗೋಳಿಕ ಗುರುತಿನ ಮಾನ್ಯತೆ. 1999ರ ಕಾಯ್ದೆಯಡಿ ದೇಶದಲ್ಲಿ ಮೊದಮೊದಲು ನೋಂದಣಿಯಾದ ವಸ್ತುಗಳ ಪಟ್ಟಿಯಲ್ಲೇ ಚನ್ನಪಟ್ಟಣದ ಆಟಿಕೆ ಸೇರಿತು. ಇದು ಒಬ್ಬರ ಸ್ವತ್ತಲ್ಲ, ಊರಿನದು. ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತ ಹೋದರೆ ಕೊನೆಯೇ ಇಲ್ಲ. ಹೆಸರನ್ನು ಬೇರೆಯವರು ಬಳಸದಂತೆ ಇದು ತಡೆಯುತ್ತದೆ. ಆಟಿಕೆಯ ಆಕಾರವನ್ನು ಬೇರೆ ಹೆಸರಿನಲ್ಲಿ ಮಾಡಿ ಮಾರುವುದನ್ನು ತಡೆಯುವುದಿಲ್ಲ. ಅರ್ಧ ಬೇಲಿ ಎನ್ನಬೇಕು.

1970ರ ಪೇಟೆಂಟ್ ಕಾಯ್ದೆ ತಿದ್ದುಪಡಿಯಾಗಿ ಈಗ ಅವಧಿ 20 ವರ್ಷ. ಬೇಸಾಯದ ವಿಧಾನಕ್ಕೆ ಪೇಟೆಂಟ್ ಇಲ್ಲ ಎಂದು ಕಾಯ್ದೆಯ ಮೂರನೇ ಕಲಮೇ ಹೇಳುತ್ತದೆ. ಪರಂಪರೆಯಿಂದ ಬಂದ ತಿಳಿವಳಿಕೆಗೂ ಇಲ್ಲ. ಅಂದರೆ ಕೂರಿಗೆ, ಚಂದ್ರಿಕೆ, ತಾಳೆಗರಿಯ ಹೊಳಪು ಇವನ್ನು ಇನ್ನು ಯಾರೂ ಈ ದೇಶದಲ್ಲಿ ತಮ್ಮ ಹೆಸರಿಗೆ ಬರೆಸಿಕೊಳ್ಳುವಂತಿಲ್ಲ. ಕನಕಪುರದ ರೈತನೋ ರಾಮನಗರದ ರೀಲರೋ ನಿಜಕ್ಕೂ ಹೊಸದೊಂದು ಸಾಧನ ಮಾಡಿದರೆ ಅರ್ಜಿ ಹೋಗಬೇಕಾದದ್ದು ಚೆನ್ನೈ ಕಚೇರಿಗೆ. ಸಾಧನ ಹೇಗೆ ಕೆಲಸ ಮಾಡುತ್ತದೆ, ತನಗೆ ಗೊತ್ತಿರುವ ಅತ್ಯುತ್ತಮ ವಿಧಾನ ಯಾವುದು ಎಂಬುದನ್ನು ಅದರಲ್ಲಿ ಪೂರ್ತಿಯಾಗಿ ಬರೆಯಬೇಕು. ಬರೆಯುವ ಭಾಷೆ ಹಿಂದಿ ಅಥವಾ ಇಂಗ್ಲಿಷ್ ಆಗಿರಬೇಕೆಂದು ನಿಯಮವಿದೆ. ಹಾಲೆ ಮರವನ್ನೂ ಗೂಡಿನ ಹದವನ್ನೂ ಕನ್ನಡದಲ್ಲೋ ದಖ್ಖನಿ ಉರ್ದುವಿನಲ್ಲೋ ಮಾತ್ರ ವಿವರಿಸಬಲ್ಲ ಕಸುಬುದಾರ ಮೊದಲು ಹುಡುಕಬೇಕಾದದ್ದು ಒಬ್ಬ ಭಾಷಾಂತರಕಾರನನ್ನು.